ಮೂರು ಮೊಟ್ಟೆ, ಮೂವರು ಗೆಳೆಯರು

ರಜೆಯಲ್ಲಿ ಚಾರಣಕ್ಕೆ ಹೋಗಿ ಬಂದ ಹುಡುಗನನ್ನು ಮನೆಯವರು ಮೊದಲು ಕೇಳುವುದು ‘ಅಲ್ಲಿ ಏನೇನು ನೋಡಿದೆ?’ ಎಂದು. ‘ಜೊತೆಯಲ್ಲಿದ್ದವರು ಹೇಗಿದ್ದರು? ಅವರೊಡನೆ ನೀನು ಹೇಗಿದ್ದೆ?’ ಎಂದು ಕೇಳುವವರು ಕಡಿಮೆ. ಕಷ್ಟದ ಪ್ರಯಾಣ ಕಲಿಸುವ ಮುಖ್ಯ ಪಾಠ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ. 1911ರಲ್ಲಿ ಅಂಟಾರ್ಕ್ಟಿಕದ ಕತ್ತಲೆಯಲ್ಲಿ ಮೂವರು ಗೆಳೆಯರು ಕೈಗೊಂಡ ಯಾತ್ರೆಯ ಕಥೆ ಓದಿದರೆ ಈ ಮಾತು ಮನದಟ್ಟಾಗುತ್ತದೆ.

ದಕ್ಷಿಣ ಧ್ರುವಕ್ಕೆ ಹೊರಟಿದ್ದ ಬ್ರಿಟನ್ನಿನ ಕ್ಯಾಪ್ಟನ್ ಸ್ಕಾಟ್‌ನ ತಂಡದವರು ಇವರು. ಹಿರಿಯ ಎಡ್ವರ್ಡ್ ವಿಲ್ಸನ್‌ಗೆ 38 ವರ್ಷ. ವೈದ್ಯ, ಪ್ರಾಣಿವಿಜ್ಞಾನಿ, ಚಿತ್ರಕಾರ. ಎರಡನೆಯವನು ಹೆನ್ರಿ ಬೋವರ್ಸ್, 27 ವರ್ಷ. ರಾಯಲ್ ಇಂಡಿಯನ್ ಮರೀನ್‌ನಲ್ಲಿ ಅಧಿಕಾರಿಯಾಗಿದ್ದ ಈ ಕುಳ್ಳ ಮನುಷ್ಯನಿಗೆ ಚಳಿಯೆಂದರೆ ಲೆಕ್ಕವೇ ಇರಲಿಲ್ಲ. ಮೂರನೆಯವನು ಆಪ್ಸ್ಲಿ ಚೆರಿ-ಗರಾರ್ಡ್, 25 ವರ್ಷ. ಸಿರಿವಂತರ ಮನೆಯ ಹುಡುಗ. ಆಕ್ಸ್‌ಫರ್ಡ್‌ನಲ್ಲಿ ಓದಿದ್ದು ಇತಿಹಾಸ. ಕನ್ನಡಕವಿಲ್ಲದಿದ್ದರೆ ಎದುರಿನ ವಸ್ತುವೂ ಸರಿಯಾಗಿ ಕಾಣದು. ಆ ಚಳಿಯಲ್ಲಿ ಕನ್ನಡಕ ಹಾಕಿಕೊಳ್ಳುವಂತೆಯೂ ಇರಲಿಲ್ಲ.

ಇವರು ಹೊರಟದ್ದು ಎಂಪರರ್ ಪೆಂಗ್ವಿನ್ ಹಕ್ಕಿಯ ಮೊಟ್ಟೆಗಾಗಿ! ಈ ಹಕ್ಕಿ ಮೊಟ್ಟೆಯಿಡುವುದು ಕಡುಚಳಿಗಾಲದಲ್ಲಿ. ಗಂಡು ಹಕ್ಕಿ ಮೊಟ್ಟೆಯನ್ನು ತನ್ನ ಪಾದಗಳ ಮೇಲಿರಿಸಿ, ಹೊಟ್ಟೆಯ ಚರ್ಮದ ಮಡಿಕೆಯಿಂದ ಮುಚ್ಚಿ, ಸುಮಾರು ಎರಡು ತಿಂಗಳು ಆಹಾರವಿಲ್ಲದೆ ಕಾವು ಕೊಡುತ್ತದೆ. ಭ್ರೂಣವು ಬೆಳೆಯುವಾಗ ತನ್ನ ಪೂರ್ವಜರ ರೂಪಗಳನ್ನು ಒಂದೊಂದಾಗಿ ತೋರುತ್ತದೆ ಎಂಬ ವಾದ ಆಗ ಪ್ರಬಲವಾಗಿತ್ತು. ಪೆಂಗ್ವಿನ್ ಬಹು ಪ್ರಾಚೀನ ಹಕ್ಕಿ ಎಂದೂ ಭಾವಿಸಲಾಗಿತ್ತು. ಹಾಗಾದರೆ ಅದರ ಭ್ರೂಣವನ್ನು ಪರೀಕ್ಷಿಸಿದರೆ ಸರೀಸೃಪಗಳಿಗೂ ಹಕ್ಕಿಗಳಿಗೂ ಇರುವ ನಂಟು ತಿಳಿಯಬಹುದಲ್ಲವೇ? ಇದು ವಿಲ್ಸನ್‌ನ ಆಸೆ.

ಜೂನ್ 27ರಂದು ಕೇಪ್ ಇವಾನ್ಸ್‌ನ ಬಿಡಾರದಿಂದ ಮೂವರೂ ಹೊರಟರು. ಪೆಂಗ್ವಿನ್‌ಗಳಿದ್ದ ಕೇಪ್ ಕ್ರೋಜಿಯರ್ ಸುಮಾರು 108 ಕಿ.ಮೀ. ದೂರ. ಎರಡು ಜಾರುಬಂಡಿಗಳ ಮೇಲೆ ಸುಮಾರು 340 ಕಿಲೋ ಸಾಮಾನು. ಎಳೆಯಲು ನಾಯಿಗಳಿಲ್ಲ, ಕುದುರೆಗಳಿಲ್ಲ, ಇವರೇ ಎಳೆಯಬೇಕು. ನಮ್ಮ ಮನೆಯ ಫ್ರಿಜ್ಜಿನ ಫ್ರೀಜರ್‌ನಲ್ಲಿ ಉಷ್ಣತೆ ಸೊನ್ನೆಗಿಂತ ಸುಮಾರು 18 ಡಿಗ್ರಿ ಸೆಲ್ಸಿಯಸ್ ಕೆಳಗಿರುತ್ತದೆ. ಇವರು ದಾರಿಯಲ್ಲಿ ಕಂಡದ್ದು ಸೊನ್ನೆಗಿಂತ 60 ಡಿಗ್ರಿ ಕೆಳಗೆ! ಸಾಮಾನ್ಯವಾಗಿ ಬಂಡಿ ಜಾರುವಾಗ ಘರ್ಷಣೆಯಿಂದ ಹಿಮ ಕೊಂಚ ಕರಗಿ, ತೆಳುವಾದ ನೀರಿನ ಪದರ ಉಂಟಾಗಿ, ಜಾರಲು ನೆರವಾಗುತ್ತದೆ. ಇಷ್ಟು ಚಳಿಯಲ್ಲಿ ಹಿಮ ಕರಗುವುದೇ ಇಲ್ಲ. ಅದು ಮರಳಿನಂತಾಗಿಬಿಡುತ್ತದೆ. ಎರಡೂ ಬಂಡಿಗಳನ್ನು ಒಟ್ಟಿಗೆ ಎಳೆಯಲಾಗದೆ ಒಂದನ್ನು ಮುಂದೆ ಬಿಟ್ಟು, ಹಿಂದೆ ಬಂದು ಇನ್ನೊಂದನ್ನು ಎಳೆದರು. ಒಂದು ಮೈಲಿ ಮುಂದೆ ಸಾಗಲು ಮೂರು ಮೈಲಿ ನಡಿಗೆ! ಗುರಿ ತಲುಪಲು 19 ದಿನ ಬೇಕಾಯಿತು.

ಬೆವರೂ ಉಸಿರಿನ ತೇವವೂ ಬಟ್ಟೆಯಲ್ಲೇ ಹೆಪ್ಪುಗಟ್ಟುತ್ತಿದ್ದವು. ಒಂದು ಬೆಳಿಗ್ಗೆ ಡೇರೆಯಿಂದ ಹೊರಬಂದ ಚೆರಿ ಸುತ್ತ ನೋಡಲೆಂದು ತಲೆಯೆತ್ತಿದ. ಅಷ್ಟರಲ್ಲಿ ಬಟ್ಟೆ ಹಲಗೆಯಂತೆ ಗಟ್ಟಿಯಾಗಿ, ತಲೆ ಬಗ್ಗಿಸಲಾಗದೆ ನಾಲ್ಕು ಗಂಟೆ ಹಾಗೆಯೇ ಬಂಡಿ ಎಳೆದ. ಹೊರಡುವಾಗ 8 ಕಿಲೋ ಇದ್ದ ಅವನ ಮಲಗುವ ಚೀಲ, ಮರಳುವ ಹೊತ್ತಿಗೆ ಮಂಜುಗಡ್ಡೆ ಸೇರಿ 20 ಕಿಲೋ ಆಗಿತ್ತು. ರಾತ್ರಿಯಿಡೀ ಚಳಿಯಿಂದ ನಡುಗುತ್ತಿದ್ದ ಅವನನ್ನು ಕಂಡು ಬೋವರ್ಸ್ ತಾನು ಬಳಸದೆ ಉಳಿಸಿಕೊಂಡಿದ್ದ ಗರಿಗಳ ಒಳಚೀಲವನ್ನು ಕೊಡಲು ಬಂದ. ಗೆಳೆಯನ ಪಾಲನ್ನು ಕಸಿಯುವುದು ಹೇಗೆಂದು ಚೆರಿ ಬೇಡವೆಂದ. ಬೋವರ್ಸ್ ಬಿಡಲಿಲ್ಲ. ಕೊನೆಗೆ ತೆಗೆದುಕೊಳ್ಳಲೇಬೇಕಾಯಿತು. ಕೊಡುವುದಷ್ಟೇ ಅಲ್ಲ, ನಾಚದೆ ಪಡೆಯುವುದೂ ಸ್ನೇಹದ ಒಂದು ಪಾಠ.

ಪೆಂಗ್ವಿನ್‌ಗಳಿದ್ದ ಜಾಗದಲ್ಲಿ ಐದು ಮೊಟ್ಟೆ ಸಿಕ್ಕವು. ಕತ್ತಲೆಯಲ್ಲಿ ದಾರಿ ಕಾಣದೆ ಮತ್ತೆ ಮತ್ತೆ ಬಿದ್ದ ಚೆರಿಯ ಕೈಚೀಲದಲ್ಲಿದ್ದ ಎರಡು ಒಡೆದುಹೋದವು. ಉಳಿದದ್ದು ಮೂರು. ಮುಂದೆ ಬಿರುಗಾಳಿ ಎದ್ದಿತು. ಮೊದಲು ಡೇರೆ ಹಾರಿಹೋಯಿತು. ಆಮೇಲೆ ಇವರೇ ಕಲ್ಲು ಪೇರಿಸಿ ಕಟ್ಟಿದ್ದ ಗುಡಿಸಿಲಿನ ಕ್ಯಾನ್‌ವಾಸ್ ಚಾವಣಿ ಹರಿದು ಚಿಂದಿಯಾಯಿತು. ಜುಲೈ 23, ಅಂದು ವಿಲ್ಸನ್‌ನ ಹುಟ್ಟುಹಬ್ಬ! ಮೂವರೂ ಹಿಮದಡಿ ಚೀಲಗಳಲ್ಲಿ ಮುದುಡಿ, ಊಟವಿಲ್ಲದೆ ಎರಡು ದಿನ ಹತ್ತಿರ ಮಲಗಿದ್ದರು. ಹಾಡು ಹೇಳಿಕೊಂಡರು. ಡೇರೆಯಿಲ್ಲದೆ ಮರಳುವುದೆಂದರೆ ಸಾವೇ ಎಂದು ಮೂವರಿಗೂ ಗೊತ್ತಿತ್ತು. ಗಾಳಿ ತಗ್ಗಿದಾಗ ಬೋವರ್ಸ್‌ಗೆ ಅರ್ಧ ಮೈಲಿ ಕೆಳಗೆ, ಇಳಿಜಾರಿನ ಬುಡದಲ್ಲಿ ಡೇರೆ ಸಿಕ್ಕಿತು. ಅಂದಿನಿಂದ ಅವನು ಡೇರೆಗೆ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ತನಗೇ ಕಟ್ಟಿಕೊಂಡು ಮಲಗಿದ. ಡೇರೆ ಹೋದರೆ ತಾನೂ ಜೊತೆಗೆ!

ಆಗಸ್ಟ್ 1ರಂದು ಮೂವರೂ ಬಿಡಾರಕ್ಕೆ ಮರಳಿದರು. ಐದು ವಾರಗಳ ಆ ಯಾತನೆಯಲ್ಲಿ ತಾವು ತಾಳ್ಮೆ ಕಳೆದುಕೊಳ್ಳಲಿಲ್ಲ, ‘ದಯವಿಟ್ಟು’, ‘ಧನ್ಯವಾದ’ ಎಂಬ ಮಾತುಗಳನ್ನೂ ಮರೆಯಲಿಲ್ಲ ಎಂದು ಚೆರಿ ಮುಂದೆ ಬರೆದ. ಊಟದ ಮೇಜಿನ ಮುಂದೆ ಈ ಮಾತುಗಳು ಸುಲಭ. ಬೆರಳು ಮರಗಟ್ಟಿ, ಹೊಟ್ಟೆ ಹಸಿದಾಗಲೂ ಅವು ಬಾಯಿಗೆ ಬಂದರೆ ಅದು ಗುಣ.

ಮೊಟ್ಟೆಗಳ ಗತಿಯೇನಾಯಿತು? 1913ರಲ್ಲಿ ಚೆರಿ ಅವನ್ನು ಲಂಡನ್ನಿನ ಪ್ರಕೃತಿ ವಿಜ್ಞಾನ ಸಂಗ್ರಹಾಲಯಕ್ಕೆ ಒಪ್ಪಿಸಿದ. ಅವುಗಳ ಅಂತಿಮ ವರದಿ ಪ್ರಕಟವಾದದ್ದು 1934ರಲ್ಲಿ. ಹೊಸ ತಿಳಿವೇನೂ ಹೆಚ್ಚಾಗಿ ಸಿಗಲಿಲ್ಲ. ಭ್ರೂಣದ ಬಗೆಗಿನ ಆ ವಾದವೂ ಬಿದ್ದುಹೋಯಿತು.

ಗೆಳೆಯರು? ವಿಲ್ಸನ್ ಮತ್ತು ಬೋವರ್ಸ್ ಸ್ಕಾಟ್‌ನೊಡನೆ ಧ್ರುವಕ್ಕೆ ಹೋಗಿ, ಮರಳುವಾಗ 1912ರ ಮಾರ್ಚ್ ಕೊನೆಯಲ್ಲಿ ಡೇರೆಯೊಳಗೇ ತೀರಿಕೊಂಡರು. ಒನ್ ಟನ್ ಡಿಪೊ ಎಂಬ ಆಹಾರದ ಉಗ್ರಾಣ ಅಲ್ಲಿಂದ ಸುಮಾರು 18 ಕಿ.ಮೀ. ಮಾತ್ರ ದೂರವಿತ್ತು. ಅದೇ ಉಗ್ರಾಣದಲ್ಲಿ ಚೆರಿ ಆ ತಿಂಗಳ ಮೊದಲಲ್ಲಿ ಅವರಿಗಾಗಿ ಕಾದು, 10ರಂದು ಹಿಂದಿರುಗಿದ್ದ. ಗೆಳೆಯರು ಆಗ ಇನ್ನೂ ಬಹಳ ದಕ್ಷಿಣದಲ್ಲಿದ್ದರು. ನಾಯಿಗಳನ್ನು ಅಪಾಯಕ್ಕೆ ಒಡ್ಡಬಾರದೆಂಬ ಆಜ್ಞೆಯೂ ಇತ್ತು. ನವೆಂಬರ್ 12ರಂದು ಅವರ ಡೇರೆ ಕಂಡ ತಂಡದಲ್ಲಿ ಚೆರಿಯೂ ಇದ್ದ. ಇನ್ನೂ ಮುಂದೆ ಹೋಗಬೇಕಿತ್ತೇ ಎಂಬ ಪ್ರಶ್ನೆ 1959ರಲ್ಲಿ ಸಾಯುವವರೆಗೂ ಅವನನ್ನು ಕಾಡಿತು. 1922ರಲ್ಲಿ ಪ್ರಕಟವಾದ ಅವನ ‘ದಿ ವರ್ಸ್ಟ್ ಜರ್ನಿ ಇನ್ ದಿ ವರ್ಲ್ಡ್’ ಪುಸ್ತಕವನ್ನು ಜನ ಇಂದಿಗೂ ಓದುತ್ತಾರೆ. ಅದರಲ್ಲಿ ಓದುಗನ ಮನಸ್ಸಿನಲ್ಲಿ ಉಳಿಯುವುದು ಮೊಟ್ಟೆಗಳಲ್ಲ, ಆ ಇಬ್ಬರು ಗೆಳೆಯರು.

ಹಾಗೆಂದು ಮಕ್ಕಳು ಅಪಾಯಕ್ಕೆ ಎದೆಯೊಡ್ಡಿ ನಡೆಯಬೇಕೆಂದಲ್ಲ. ಸಿದ್ಧತೆ ಬೇಕು, ಬಲ್ಲವರ ಮಾರ್ಗದರ್ಶನ ಬೇಕು. ಕುದುರೆಮುಖಕ್ಕೋ ಕುಮಾರಪರ್ವತಕ್ಕೋ ಚಾರಣ ಹೋದರೂ ಸಾಕು. ಸುಸ್ತಾದ ಗೆಳೆಯನ ಚೀಲವನ್ನು ಹೊರುವವನು ಯಾರು, ಕೊನೆಯ ಗುಟುಕು ನೀರನ್ನು ಹಂಚಿಕೊಳ್ಳುವವನು ಯಾರು, ಸಿಡುಕುವವನು ಯಾರು ಎಂಬುದು ಮಧ್ಯಾಹ್ನದೊಳಗೆ ತಿಳಿದುಬಿಡುತ್ತದೆ. ತಾನು ಎಂಥವನು ಎಂಬುದೂ ತಿಳಿಯುತ್ತದೆ. ಈ ಸಲ ಮಗ ಚಾರಣದಿಂದ ಮರಳಿದಾಗ, ಏನು ನೋಡಿದೆ ಎಂದು ಕೇಳಿದ ಮೇಲೆ ಇದನ್ನೂ ಒಮ್ಮೆ ಕೇಳಿ ನೋಡಿ.