ಚಿಕ್ಕಕ್ಷರದ ಲಕ್ಷಣ

ಲಕ್ಷಣವನ್ನು ಹೇಳುವವನು ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವಗಳೆಂಬ ಮೂರು ದೋಷಗಳನ್ನು ಪರಿಹರಿಸಬೇಕೆಂಬುದು ತರ್ಕಶಾಸ್ತ್ರದ ವಿಧಿ. ಗಣಕಯಂತ್ರಕ್ಕೆ ಆಜ್ಞೆ ಬರೆಯುವ ವಿದ್ಯಾರ್ಥಿಗೂ ಈ ವಿವೇಕ ಅನಿವಾರ್ಯ. ಡೆನಿಸ್ ರಿಚಿಯವರು ೧೯೭೨ರ ಸುಮಾರಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ರೂಪಿಸಿದ 'ಸಿ' ಭಾಷೆಯಲ್ಲಿ, ಒಂದು ಅಕ್ಷರವು ಇಂಗ್ಲಿಷಿನ ಚಿಕ್ಕಕ್ಷರವೇ ಅಲ್ಲವೇ ಎಂಬ ಅಲ್ಪಪ್ರಶ್ನೆಯೇ ಇದಕ್ಕೆ ಸಾಕ್ಷಿ.

ಯಂತ್ರವು ಅಕ್ಷರದ ಆಕಾರವನ್ನು ಅರಿಯದು; ಅದಕ್ಕೆ ಕೊಟ್ಟ ಸಂಖ್ಯೆಯನ್ನು ಮಾತ್ರ ಅರಿಯುತ್ತದೆ. ಆಸ್ಕಿ ಸಂಕೇತದಲ್ಲಿ ಚಿಕ್ಕ 'ಎ'ಗೆ ೯೭, ಚಿಕ್ಕ 'ಝೆಡ್'ಗೆ ೧೨೨. ಈ ಎಲ್ಲೆಯೊಳಗಿನದು ಚಿಕ್ಕಕ್ಷರವೆಂದು ಕಂಠಪಾಠ ಮಾಡಿಸುವುದು ಸುಲಭ. ಆದರೆ 'ಸಿ' ಭಾಷೆಯು ಆಸ್ಕಿಯನ್ನು ಕಡ್ಡಾಯಗೊಳಿಸಿಲ್ಲ. ಐಬಿಎಂ ಮಹಾಗಣಕಗಳ ಎಬ್ಸಿಡಿಕ್ ಸಂಕೇತದಲ್ಲಿ ಆ ಎಲ್ಲೆಯೊಳಗೆ ಒಂದೂ ಚಿಕ್ಕಕ್ಷರವಿಲ್ಲ, ಇದು ಅಸಂಭವ. ಸಂಖ್ಯೆಯನ್ನು ಬಿಟ್ಟು "ಎ ಮೊದಲು ಝೆಡ್ ವರೆಗೆ" ಎಂದರೂ, ಅಲ್ಲಿ 'ಆರ್' ಮತ್ತು 'ಎಸ್'ಗಳ ನಡುವಣ ತೆರಪಿನಲ್ಲಿ ಅಕ್ಷರವಲ್ಲದ ಚಿಹ್ನೆ ನುಸುಳುತ್ತದೆ, ಇದು ಅತಿವ್ಯಾಪ್ತಿ. ಫ್ರೆಂಚರ ಸ್ವರಚಿಹ್ನೆಯುಳ್ಳ ಚಿಕ್ಕ 'ಇ' ಹೊರಗುಳಿಯುತ್ತದೆ, ಇದು ಅವ್ಯಾಪ್ತಿ.

ಆದುದರಿಂದಲೇ ಭಾಷೆಯು 'ಸಿಟೈಪ್' ಎಂಬ ಹೆಡರ್ ಕಡತದಲ್ಲಿ 'ಇಸ್‌ಲೋವರ್' ಎಂಬ ಫಂಕ್ಷನ್ನನ್ನು ಒದಗಿಸಿದೆ. ಚಿಕ್ಕಕ್ಷರವಾದರೆ ಅದು ಸೊನ್ನೆಯಲ್ಲದ ಸಂಖ್ಯೆಯನ್ನು ಕೊಡುತ್ತದೆ; ಆ ಸಂಖ್ಯೆ ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಅದನ್ನು ಒಂದರೊಡನೆ ಹೋಲಿಸುವುದು ತಪ್ಪು.

ಕನ್ನಡಿಗರಿಗೆ ಇಲ್ಲಿ ಇನ್ನೂ ಎರಡು ಎಚ್ಚರಗಳು ಅವಶ್ಯ. ಯುಟಿಎಫ್-೮ ಪದ್ಧತಿಯಲ್ಲಿ ಕನ್ನಡದ 'ಕ'ಕಾರವು ಮೂರು ಬೈಟುಗಳಾಗಿ ನಿಲ್ಲುತ್ತದೆ. ಪ್ರತಿಯೊಂದರ ಬೆಲೆಯೂ ೧೨೭ನ್ನು ಮೀರಿದ್ದು. ಹಲವು ಯಂತ್ರಗಳಲ್ಲಿ ಅವು ಋಣಸಂಖ್ಯೆಗಳಾಗುತ್ತವೆ. ಅವನ್ನು ಹಾಗೆಯೇ 'ಇಸ್‌ಲೋವರ್'ಗೆ ಒಪ್ಪಿಸಿದರೆ ಫಲವೇನೆಂದು ಭಾಷೆಯ ನಿಯಮ ಹೇಳುವುದಿಲ್ಲ. ಮೊದಲು ಚಿಹ್ನೆರಹಿತ ರೂಪಕ್ಕೆ ತರಬೇಕು. ಎರಡನೆಯದಾಗಿ, ಕನ್ನಡ ಲಿಪಿಯಲ್ಲಿ ಚಿಕ್ಕದು ದೊಡ್ಡದೆಂಬ ಭೇದವೇ ಇಲ್ಲ. ಚಿಕ್ಕಕ್ಷರವಲ್ಲದ್ದೆಲ್ಲ ದೊಡ್ಡಕ್ಷರವೆಂದು ಬರೆದ ಆಜ್ಞಾವಳಿಯು ಕನ್ನಡದ ಹೆಸರೊಂದು ಎದುರಾದೊಡನೆ ದಾರಿ ತಪ್ಪುತ್ತದೆ.

ಶಾಲೆಗಳಲ್ಲಿ ಗಣಕವಿದ್ಯೆಯನ್ನು ಬೋಧಿಸುವವರು ೯೭, ೧೨೨ ಎಂಬ ಅಂಕಿಗಳನ್ನು ಉರುಹೊಡೆಸುವುದಕ್ಕಿಂತ ಮೊದಲು ಲಕ್ಷಣವನ್ನು ಪರೀಕ್ಷಿಸುವ ಬಗೆಯನ್ನು ಕಲಿಸುವುದು ಯುಕ್ತ. ಉರುಹೊಡೆದ ಅಂಕಿ ಒಂದು ಯಂತ್ರದಲ್ಲಿ ಸಲ್ಲುತ್ತದೆ. ಪರೀಕ್ಷಿಸಿ ತಿಳಿದ ಲಕ್ಷಣ ಎಲ್ಲ ಯಂತ್ರಗಳಲ್ಲಿಯೂ ಸಲ್ಲುತ್ತದೆ.