ಎತ್ತಿನ ಮ್ಯಾಲೆ ಪ್ರೀತಿ, ರೈತನ ಮ್ಯಾಲೆ ಬೈಗುಳ (ಭಾಗ 3)

ಕಾರಹುಣ್ಣಿಮೆ ಬಂತಂದ್ರ ರಾಯಚೂರಿನ ಮುಂಗಾರು ಹಬ್ಬದಾಗ, ಸುತ್ತಮುತ್ತಲ ಊರಾಗ ಎತ್ತುಗಳಿಂದ ಭಾರದ ಕಲ್ಲು ಎಳಿಸೋ ಸ್ಪರ್ಧೆ. ಈ ಸಲ ಒಂದು ಹಳ್ಳಿ ಸ್ಪರ್ಧೆಯ ರೀಲ್ ನಿಮ್ಮೆಲ್ಲರ ಸ್ಟೋರಿಯಾಗ ಇತ್ತು. ಹುಡುಗ ಬಾರುಕೋಲು ಬೀಸಿದ್ದು ತಪ್ಪೇ, ಅದರಾಗ ಮಾತಿಲ್ಲ. ಆದ್ರ ಕಾಮೆಂಟ್ ಓದಿರೇನು? "ಇವನ್ನೂ ನೊಗಕ್ಕ ಕಟ್ಟಿ ಹೊಡೀರಿ." "ನಂಬರ್ ಹಾಕ್ರಿ." ಯಾರೋ ಹಾಕೇಬಿಟ್ರು. ರಾತ್ರಿ ಫೋನ್ ಎತ್ತಿದ್ದು ಅವರ ಅವ್ವ. ಆ ಬೈಗುಳೆಲ್ಲ ಕೇಳಿದ್ದೂ ಅವರೇ.

ಅದಕ್ಕ ಹಾರ್ಟ್ ಒತ್ತಿದವರು ಸಂಜಿಗೆ ಮಟನ್ ಬಿರಿಯಾನಿ ಫೋಟೊ ಹಾಕ್ಯಾರ. ತಿನ್ರಿ, ನಾನೂ ತಿಂತೀನಿ. ಆದ್ರ ಯಾರನ್ನೂ ನೊಗಕ್ಕ ಕಟ್ಟು ಅನ್ನಲ್ಲ.

ದೇವದುರ್ಗದಾಗ ಜೋಡಿ ಎತ್ತು ಸಾಕೋರು ತಮ್ಮ ಹೊಟ್ಟಿಗಿಂತ ಮೊದಲು ಹುರುಳಿ, ಹತ್ತಿಕಾಳು ಹೊಂದಿಸ್ತಾರ. ತುಂಗಭದ್ರಾ ಎಡದಂಡೆ ಕಾಲುವೆ ನೀರು ಮಾನ್ವಿ ಕಡೆ ಕೊನೆಭಾಗಕ್ಕ ಮುಟ್ಟದ ವರ್ಷ ನೆಲ್ಲುಹುಲ್ಲಿಗೂ ಬರ. ಆವಾಗ ಒಬ್ಬರ ಸ್ಟೋರಿನೂ ಕಾಣಲ್ಲ.

ಬಿಕಾಂ ಓದೋನು, ಒಂದು ಲೆಕ್ಕ ಹೇಳ್ತೀನಿ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ, 11ನೇ ಕಲಂ: ಪ್ರಾಣಿಯನ್ನು ಹೊಡೆದು ಹಿಂಸಿಸಿದ್ರ ಮೊದಲ ತಪ್ಪಿಗೆ ದಂಡ ಹೆಚ್ಚಂದ್ರ 50 ರೂಪಾಯಿ. ಐವತ್ತು! ಎರಡು ಪ್ಲೇಟ್ ಮಿರ್ಚಿ-ಮಂಡಕ್ಕಿ ರೊಕ್ಕ. ಇದನ್ನ ಏರಿಸ್ರಿ ಅಂತ ವರ್ಷಗಟ್ಟಲೆ ಹೋರಾಡೋರು ಅದಾರ, ಅವರಿಗೆ ಶರಣು. ನೀವು ಆ ಬೇಡಿಕೆ ಒಂದು ಸಲನಾದ್ರೂ ಶೇರ್ ಮಾಡೀರೇನು? ಪೊಲೀಸ್ ಠಾಣೆಗೆ ದೂರು ಕೊಟ್ಟೀರೇನು?

ಆ ಹುಡುಗನ ನಂಬರ್ ಇನ್ನೂ ಕಾಮೆಂಟಿನಾಗ ಅದ. ಮೊದಲು ಅದನ್ನ ಡಿಲೀಟ್ ಮಾಡ್ರಿ.

#ಕಾರಹುಣ್ಣಿಮೆ #ರಾಯಚೂರು