ಯಾರಿಗೂ ಭಾರವಾಗುವುದಿಲ್ಲ ಎಂಬ ಮಾತು

ಕಳೆದ ವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೂರವಾಣಿ ಮಾಡಿದ್ದ. ಹತ್ತನೆಯ ತರಗತಿಯಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಭೂಪಟ ನೋಡುತ್ತಾ ಮೈಮರೆಯುತ್ತಿದ್ದ ಹುಡುಗ. ಈಗ ಬೆಂಗಳೂರಿನಲ್ಲಿ ಉದ್ಯೋಗಸ್ಥ, ಗೃಹಸ್ಥ. ಬರುವ ಆಗಸ್ಟಿನಲ್ಲಿ ಗಂಡಹೆಂಡಿರಿಬ್ಬರೂ ಹಿಮಾಚಲ ಪ್ರದೇಶದ ಸ್ಪಿತಿ ಕಣಿವೆಯ ಹಳ್ಳಿಗಳನ್ನು ಕಾಲ್ನಡಿಗೆಯಲ್ಲಿ ಸುತ್ತಬೇಕೆಂದಿದ್ದಾರಂತೆ. "ಡೇರೆ ನಮ್ಮದೇ, ಒಲೆ ನಮ್ಮದೇ, ಅಕ್ಕಿಬೇಳೆಯೂ ನಮ್ಮದೇ. ಯಾರಿಗೂ ಭಾರವಾಗುವುದಿಲ್ಲ ಸಾರ್" ಎಂದ. ಆ ಕೊನೆಯ ಮಾತು ನನ್ನನ್ನು ಚುಚ್ಚಿತು. 2022ರಲ್ಲಿ ಅದೇ ಕಣಿವೆಗೆ ಹೊರಟಾಗ ನಾನೂ ನನ್ನ ಶ್ರೀಮತಿಯೂ ಬಂಧುಗಳೆದುರು ಇದೇ ಮಾತನ್ನು ಹೆಮ್ಮೆಯಿಂದ ಆಡಿದ್ದೆವು. ದೂರವಾಣಿಯಲ್ಲಿ ಅವನಿಗೆ ಹೇಳಲಾಗದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಸ್ಪಿತಿ ಹಿಮಾಲಯದ ಮಳೆನೆರಳಿನ ನಾಡು, ಶೀತ ಮರುಭೂಮಿ. ಮುಂಗಾರಿನ ಮೋಡಗಳು ದಕ್ಷಿಣದ ಶಿಖರಗಳಲ್ಲಿಯೇ ಬರಿದಾಗಿಬಿಡುತ್ತವೆ. ಲಾಂಗ್ಜಾ, ಹಿಕ್ಕಿಂ, ಕೋಮಿಕ್ ಮೊದಲಾದ ಹಳ್ಳಿಗಳು ಸುಮಾರು 4,400 ಮೀಟರಿನಿಂದ 4,500 ಮೀಟರಿಗೂ ಮಿಗಿಲಾದ ಎತ್ತರದಲ್ಲಿವೆ. ಲಾಂಗ್ಜಾದ ಮಣ್ಣಿನಲ್ಲಿ ಪುರಾತನ ಟೆಥಿಸ್ ಸಮುದ್ರದ ಶಂಖಾಕೃತಿಯ ಜೀವಿಗಳ ಪಳೆಯುಳಿಕೆಗಳು ಸಿಗುತ್ತವೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ನಾನು ಬರೆದು ಅಳಿಸಿದ್ದ ಆ ಸಮುದ್ರ ಅಲ್ಲಿ ಕಾಲಬುಡದಲ್ಲಿತ್ತು. ಇಷ್ಟಾಗಿಯೂ ಒಂದು ಕೊಡ ನೀರಿಗೆ ಅಲ್ಲಿನ ಜನ ಪಡುವ ಪಾಡು ನಮಗೆ ತಿಳಿದಿರಲಿಲ್ಲ.

ಕೋಮಿಕ್ಕಿನ ಮೇಲ್ಭಾಗದಲ್ಲಿ, ಒಂದು ಮೊಳ ಅಗಲದ ಕಾಲುವೆಯ ಪಕ್ಕದಲ್ಲಿ ಡೇರೆ ಹಾಕಿದೆವು. ರಾತ್ರಿ ಅನ್ನ ಸಾರು ಮಾಡಿ ಉಂಡು, ಬೆಳಿಗ್ಗೆ ಆ ಕಾಲುವೆಯಲ್ಲಿಯೇ ಸಾಬೂನು ಹಾಕಿ ಪಾತ್ರೆ ತೊಳೆಯತೊಡಗಿದೆವು. ಸ್ವಲ್ಪ ಹೊತ್ತಿಗೆ ನಮ್ಮದೇ ವಯಸ್ಸಿನ ಹೆಂಗಸೊಬ್ಬರು ಖಾಲಿ ಡಬ್ಬಿ ಹಿಡಿದು ಏರು ಹತ್ತಿ ಬಂದರು. ಗದರಲಿಲ್ಲ. ತೇಲಿ ಹೋಗುತ್ತಿದ್ದ ನೊರೆಯನ್ನು ನೋಡಿದರು, ಕೆಳಗಿನ ಮನೆಗಳತ್ತ ಕೈತೋರಿಸಿ, ಹರಕು ಹಿಂದಿಯಲ್ಲಿ "ಈ ನೀರು ಅಲ್ಲಿಗೆ ಹೋಗುತ್ತದೆ" ಎಂದರು. ಅಷ್ಟೆ. ನನ್ನ ಶ್ರೀಮತಿ ಮೆಲ್ಲನೆ, "ನಮ್ಮೂರ ಬಾವಿಕಟ್ಟೆಯ ಮೇಲೆ ಯಾರೋ ದಾರಿಹೋಕರು ಹೀಗೆ ಪಾತ್ರೆ ತೊಳೆದಿದ್ದರೆ ಅತ್ತೆ ಸುಮ್ಮನಿರುತ್ತಿದ್ದರೇನ್ರೀ?" ಎಂದಳು. ಮೂರು ದಶಕ ಮಕ್ಕಳಿಗೆ ಪಾಠ ಹೇಳಿದ ನಾನು ತಲೆ ತಗ್ಗಿಸಿ ನಿಂತೆ.

ಆ ತಾಯಿ ನಮ್ಮನ್ನು ತಮ್ಮ ಮನೆಗೇ ಕರೆದೊಯ್ದರು. ಬೆಣ್ಣೆ ಹಾಕಿದ ಉಪ್ಪು ಚಹಾ ಕೊಟ್ಟು, ಹುರಿದ ಬಾರ್ಲಿ ಹಿಟ್ಟನ್ನು ಮುಂದಿಟ್ಟರು. ಅಂದು ರಾತ್ರಿ ಅಲ್ಲಿಯೇ ಉಳಿದೆವು. ಆ ಕಾಲುವೆಯ ನೀರೆಲ್ಲವೂ ಚಳಿಗಾಲದ ಹಿಮದ ಕೊಡುಗೆ; ಹಿಮ ಕಡಿಮೆ ಬಿದ್ದ ವರ್ಷ ಬಾರ್ಲಿಗೂ ಬಟಾಣಿಗೂ ನೀರು ಸಾಲದು; ವರ್ಷಕ್ಕೆ ಇರುವುದೇ ಒಂದು ಬೆಳೆ. ಅವರ ಶೌಚಾಲಯದಲ್ಲಿ ನೀರಿನ ಬಳಕೆಯೇ ಇಲ್ಲ. ಮಣ್ಣು, ಬೂದಿ ಎರಚಿ ಮುಚ್ಚುತ್ತಾರೆ. ಕೆಳಗೆ ಸಂಗ್ರಹವಾದದ್ದು ಕಾಲಾಂತರದಲ್ಲಿ ಗೊಬ್ಬರವಾಗಿ ಹೊಲ ಸೇರುತ್ತದೆ. ಡೇರೆ ಹಾಕಿದವರು ಬಯಲಿನಲ್ಲಿ ಬಿಟ್ಟದ್ದಾದರೋ ಶುಷ್ಕವೂ ಶೀತವೂ ಆದ ಆ ನೆಲದಲ್ಲಿ ಬೇಗ ಕೊಳೆಯದೆ ಹಾಗೆಯೇ ಉಳಿಯುತ್ತದೆ.

ನನ್ನ ಅಭಿಪ್ರಾಯವಿಷ್ಟೆ. ಹಳ್ಳಿಯ ಪಕ್ಕದಲ್ಲಿ ಡೇರೆ ಹಾಕಿದವನು ಯಾರಿಗೂ ಭಾರವಲ್ಲ ಎನ್ನುವುದು ಭ್ರಮೆ. ಅವನು ಆ ಊರಿನ ನೀರು ಕುಡಿಯುತ್ತಾನೆ, ದನಕರುಗಳ ಹುಲ್ಲುಗಾವಲಿನಲ್ಲಿ ಮಲಗುತ್ತಾನೆ, ಕಸವನ್ನೂ ಅಲ್ಲಿಯೇ ಬಿಡುತ್ತಾನೆ. ಆದರೆ ಯಾರನ್ನೂ ಕೇಳುವುದಿಲ್ಲ, ಯಾರಿಗೂ ಏನನ್ನೂ ಕೊಡುವುದಿಲ್ಲ. ಬಾಗಿಲು ತಟ್ಟಿ ಕೇಳಿದವನಿಗಾದರೆ ಎಲ್ಲಿ ನೀರು ಮುಟ್ಟಬೇಕು, ಎಲ್ಲಿ ಮುಟ್ಟಬಾರದು ಎಂಬುದನ್ನು ಮನೆಯವರೇ ಹೇಳುತ್ತಾರೆ. ಅತಿಥಿಗೆ ಮರ್ಯಾದೆಯ ಜೊತೆಗೆ ಮಿತಿಯೂ ಇರುತ್ತದೆ. ನಾವು ಸ್ವಾವಲಂಬನೆ ಎಂದುಕೊಂಡದ್ದು ಆ ಮಿತಿಯಿಂದ ತಪ್ಪಿಸಿಕೊಳ್ಳುವ ಉಪಾಯವಾಗಿತ್ತು.

ಅತಿಥಿಗಳಿಂದ ಹಣ ಪಡೆಯುವ ಮನೆಗಳು ಕ್ರಮೇಣ ಹೋಟೆಲುಗಳಾಗಿಬಿಡುತ್ತವೆ ಎಂದು ಕೆಲವರು ಆಕ್ಷೇಪಿಸುತ್ತಾರೆ. ಆ ಭಯ ಸುಳ್ಳಲ್ಲ. ರೋಹ್ತಾಂಗದ ಕೆಳಗಿನ ಅಟಲ್ ಸುರಂಗ 2020ರ ಅಕ್ಟೋಬರಿನಲ್ಲಿ ತೆರೆದ ಮೇಲೆ ಆ ಜಿಲ್ಲೆಯನ್ನು ತಲುಪುವುದು ಸುಲಭವಾಗಿದೆ. ಜನ ಹೋಗಿಯೇ ಹೋಗುತ್ತಾರೆ. ಹೋದವರ ಹಣ ದೂರದ ಹೋಟೆಲಿನ ಮಾಲೀಕನಿಗೆ ಸಿಗಬೇಕೋ, ನೀರನ್ನು ಕಾಯುವ ಆ ಮನೆಗಳಿಗೆ ಸಿಗಬೇಕೋ ಎಂಬುದೇ ಪ್ರಶ್ನೆ. ದೆಮುಲ್ ಎಂಬ ಹಳ್ಳಿಯಲ್ಲಿ ಅತಿಥಿಗಳನ್ನು ಮನೆಮನೆಗೂ ಸರದಿಯಂತೆ ಹಂಚುವ ಪದ್ಧತಿಯಿದೆ. ಅಂಥ ವಿವೇಕವುಳ್ಳವರಿಗೆ ನಮ್ಮ ಉಪದೇಶ ಬೇಕಿಲ್ಲ.

ಆದುದರಿಂದ ಮಗೂ, ಹೋಗಿ ಬಾ. ಡೇರೆಯೂ ಜೊತೆಗಿರಲಿ, ಮನೆಗಳಿಲ್ಲದ ಕಡೆ ಅದು ಪ್ರಾಣ ಕಾಯುತ್ತದೆ. ಆದರೆ ಹಳ್ಳಿ ಕಂಡ ಕಡೆ ಮೊದಲು ಬಾಗಿಲು ತಟ್ಟು. ಶಿಮ್ಲಾ, ಕಿನ್ನೌರ್ ಮಾರ್ಗವಾಗಿ ನಿಧಾನವಾಗಿ ಏರಿ. ಕಾಜಾದಲ್ಲಿ ಎರಡು ದಿನ ವಿಶ್ರಮಿಸಿ. ತಲೆನೋವು, ವಾಂತಿ ಹೆಚ್ಚಾದರೆ ಹಟ ಮಾಡದೆ ಕೆಳಗಿಳಿಯಿರಿ. ಪ್ಲಾಸ್ಟಿಕ್ಕನ್ನೆಲ್ಲ ಹೊತ್ತು ಹಿಂದಕ್ಕೆ ತನ್ನಿ. ಪಳೆಯುಳಿಕೆಯನ್ನು ಕಣ್ಣಾರೆ ನೋಡಿ, ಅಲ್ಲಿಯೇ ಬಿಟ್ಟು ಬನ್ನಿ. ಸಾಬೂನನ್ನು ಚೀಲದಿಂದ ಹೊರತೆಗೆಯುವ ಮುನ್ನ, ಈ ನೀರು ಯಾರ ಮನೆಗೆ ಹೋಗುತ್ತದೆ ಎಂದು ಒಮ್ಮೆ ಕೇಳಿಕೊಳ್ಳಿ.

ಹಿಂದಿರುಗಿದ ಮೇಲೆ ಇಬ್ಬರೂ ಮನೆಗೆ ಬನ್ನಿ. ನಮ್ಮ ಬಾವಿಯ ನೀರಿನಲ್ಲಿ ಕಾಫಿ ಕಾಯಿಸಿಕೊಡುತ್ತೇವೆ, ನಿಮ್ಮ ಕತೆ ಕೇಳುತ್ತೇವೆ.